ಕಾಯಿತುರಿಯ ಪಕ್ಕದಲ್ಲಿ ಮೈನಸ್ ಹದಿನೆಂಟು

ಮೊದಲೇ ಹೇಳಿಬಿಡುತ್ತೇನೆ, ಗೆದ್ದವಳು ನಾನೇ. ಕೊನೆಯವರೆಗೆ ಕಾಯಿಸಿ ಗುಟ್ಟು ಬಿಚ್ಚುವ ಜಾಯಮಾನ ನನ್ನದಲ್ಲ. ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನೊಳಗೆ ಇವತ್ತು ಒಂದು ಪುಟ್ಟ ಫೈಲ್ ಇದೆ. ಅದರ ತಲೆಯ ಮೇಲೆ ನನ್ನ ಹೆಸರಿದೆ. ಅದನ್ನು ಬರೆದದ್ದು ಐರ್ಲೆಂಡಿನ ಲೂಕನ್‌ನಲ್ಲಿ, ನಮ್ಮ ಮನೆ ಹಿತ್ತಲಿನ ಶೆಡ್ಡಿನಲ್ಲಿ, ಹುಲ್ಲು ಕತ್ತರಿಸುವ ಮಷೀನಿಗೂ ಮಗಳ ಹಳೇ ಸೈಕಲ್ಲಿಗೂ ನಡುವೆ ಕುರ್ಚಿ ಹಾಕಿಕೊಂಡು. ಗೆಲ್ಲುವ ಮುಂಚೆ ಎಂಥ ಪೆಟ್ಟು ತಿಂದೆ ಅನ್ನುವುದನ್ನೂ ಹೇಳದಿದ್ದರೆ ಇದು ಬರೀ ಜಂಬವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಳ್ಳಾರಿಯವಳು. ನಮ್ಮೂರಿನಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಈ ಮಾತು ನೆನಪಿರಲಿ, ಮುಂದೆ ಇದೇ ನನ್ನ ಕುತ್ತಿಗೆಗೆ ಬಂತು.

ಬೆಂಗಳೂರಿನಲ್ಲಿ ಎಂಟು ವರ್ಷ ಡ್ರೈವರ್ ಬರೆಯುವ ಕೆಲಸ ಮಾಡಿದ್ದೆ. ಡ್ರೈವರ್ ಅಂದರೆ ಬಸ್ಸು ಓಡಿಸುವವನಲ್ಲ. ಕಂಪ್ಯೂಟರಿನೊಳಗಿನ ಒಂದೊಂದು ಚಿಪ್ಪಿಗೂ ಅದರದೇ ಭಾಷೆ ಇರುತ್ತದೆ. ಆಪರೇಟಿಂಗ್ ಸಿಸ್ಟಂಗೂ ಆ ಚಿಪ್ಪಿಗೂ ನಡುವೆ ದುಭಾಷಿಯಾಗಿ ನಿಲ್ಲುವ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ. ಆಮೇಲೆ ಗಂಡನ ಕೆಲಸದ ಮೇಲೆ ಐರ್ಲೆಂಡಿಗೆ ಬಂದೆವು, ಮಗಳು ಹುಟ್ಟಿದಳು, ಅವಳ ಹಿಂದೆಯೇ ಏಳು ವರ್ಷ ಹೋಯಿತು. ಮತ್ತೆ ಅರ್ಜಿ ಹಾಕಲು ಕೂತಾಗ ಹೋದಲ್ಲೆಲ್ಲ ಒಂದೇ ಪದ: ಗ್ಯಾಪ್. ನಿಮ್ಮ ಗ್ಯಾಪ್ ಬಗ್ಗೆ ಸ್ವಲ್ಪ ಹೇಳಿ. ಮಗು ಸಾಕುತ್ತಿದ್ದೆ ಕಣ್ರೀ, ಗುಹೆಯೊಳಗೆ ಮಲಗಿರಲಿಲ್ಲ ಅಂತ ಬಾಯಿಗೆ ಬರುತ್ತಿತ್ತು. ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ, ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಅವರು ಹೇಳುವುದು ನಿಜವೇ ಆಗಿದ್ದರೆ? ನನ್ನ ಕೈಗೆ ಆ ಕೆಲಸ ನಿಜವಾಗಿಯೂ ಮರೆತುಹೋಗಿದ್ದರೆ?

ನವೆಂಬರಿನಲ್ಲಿ ಹತ್ತಿರದ ಊರು ನೇಸ್‌ನ ಒಂದು ಸಣ್ಣ ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ಇರುವುದೇ ಐದು ಜನ. ಹಸು ಸಾಕುವ ರೈತರ ಹಾಲಿನ ಕೋಣೆಗಳಿಗೆ ಪುಟ್ಟ ಕಂಪ್ಯೂಟರು ಮಾಡಿಕೊಡುತ್ತಾರೆ. ಕರೆದ ಹಾಲನ್ನು ತಂಪಾಗಿಡುವ ಟ್ಯಾಂಕನ್ನು ಅದು ನೋಡಿಕೊಳ್ಳುತ್ತದೆ. ಮಾಲೀಕರು ಅರವತ್ತರ ಆಸುಪಾಸಿನ ಐರಿಶ್ ಮನುಷ್ಯ, ಸ್ವೆಟರಿನ ಮೊಣಕೈ ಸವೆದುಹೋಗಿತ್ತು. ನನ್ನ ಅರ್ಜಿಯನ್ನು ಎರಡು ಸಲ ತಿರುಗಿಸಿ ನೋಡಿದರು. ಗ್ಯಾಪ್ ಅನ್ನಲಿಲ್ಲ. ಕಪಾಟಿನಿಂದ ಒಂದು ಬೋರ್ಡ್ ತೆಗೆದು ನನ್ನ ಕೈಗಿಟ್ಟರು.

ಅದರ ಮೂಲೆಯಲ್ಲಿ ಬೆರಳಿನ ಉಗುರಿನಷ್ಟು ಅಗಲದ ಒಂದು ಕಪ್ಪು ಚಿಪ್ ಇತ್ತು. ಬೋರ್ಡಿನ ಬಿಸಿ, ಫ್ಯಾನಿನ ವೇಗ, ವೋಲ್ಟೇಜ್ ಇವನ್ನೆಲ್ಲ ಕಾವಲು ಕಾಯುವ ಚಿಪ್ ಅದು. ಅದಕ್ಕೆ ಒಂದು ಉದ್ದನೆಯ ತಂತಿಯೂ ಇತ್ತು, ತಂತಿಯ ತುದಿಯ ಸೆನ್ಸರು ಕೋಣೆಯ ಉಷ್ಣಾಂಶ ಅಳೆಯುತ್ತಿತ್ತು. ಚಿಪ್ ಹೊಸದು, ಲಿನಕ್ಸಿಗೆ ಅದರ ಗುರುತಿಲ್ಲ. ಹೇಳುವವರು ಕೇಳುವವರು ಇಲ್ಲದಿದ್ದರೆ ಆ ಚಿಪ್ ಏನು ಮಾಡುತ್ತದೆ? ಯಾವುದಕ್ಕೂ ಇರಲಿ ಎಂದು ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸುತ್ತದೆ. ಆ ಕೂಗಿಗೆ ಹಸುಗಳು ಬೆದರುತ್ತಿವೆ, ಬೆದರಿದ ಹಸು ಹಾಲು ಕೊಡುವುದಿಲ್ಲ, ರೈತರು ಫೋನ್ ಮಾಡಿ ಬೈಯುತ್ತಿದ್ದಾರೆ ಎಂದರು ಮಾಲೀಕರು.

“ಜನವರಿ ಮುಗಿಯೋದ್ರೊಳಗೆ ಬೋರ್ಡ್ ವಾಪಸ್ ತಂದುಕೊಡಿ,” ಎಂದರು. “ಅಷ್ಟರಲ್ಲಿ ಇದರ ಡ್ರೈವರ್ ಲಿನಕ್ಸ್ ಒಳಗೇ ಸೇರಿದ್ದರೆ ಕೆಲಸದ ಮಾತಾಡೋಣ. ಸೇರದಿದ್ದರೂ ಗ್ರ್ಯಾಂಡ್.”

ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಅಂದರೆ ಪರವಾಗಿಲ್ಲ ಅಂತ. ಅವರಿಗೆ ಗ್ರ್ಯಾಂಡ್. ನನಗಲ್ಲ.

ಲಿನಕ್ಸ್ ಒಳಗೇ ಯಾಕೆ ಸೇರಬೇಕು ಅಂದರೆ, ಕಂಪನಿಯವರೇ ಒಂದು ತೇಪೆ ಹಾಕಿಕೊಂಡರೆ ಹೊಸ ಲಿನಕ್ಸ್ ಬಂದಾಗಲೆಲ್ಲ ಆ ತೇಪೆ ಕಿತ್ತುಬರುತ್ತದೆ. ಮೂಲಕ್ಕೇ ಸೇರಿಬಿಟ್ಟರೆ ಆ ಕಾಟವಿಲ್ಲ. ಆದರೆ ಸೇರಿಸುವುದು ಹುಡುಗಾಟವಲ್ಲ. ಮುಖ ನೋಡದ, ಯಾವುದೋ ದೇಶದಲ್ಲಿ ಕೂತ ಪರಿಶೀಲಕರಿಗೆ ಇ-ಮೇಲಿನಲ್ಲಿ ಕೋಡ್ ಕಳಿಸಬೇಕು, ಎಲ್ಲರೂ ಓದುವ ಜಾಗದಲ್ಲೇ ಹೇಳಿಸಿಕೊಳ್ಳಬೇಕು, ತಿದ್ದಿ ಮತ್ತೆ ಕಳಿಸಬೇಕು. ಅಲ್ಲಿ ಒಂದು ಪದ್ಧತಿಯಿದೆ. ಕಳಿಸಿದ ಪ್ರತಿಯೊಂದು ತುಣುಕಿನ ಕೆಳಗೂ ಇದಕ್ಕೆ ನಾನು ಹೊಣೆ ಎಂದು ನಮ್ಮ ಹೆಸರಿನಲ್ಲಿ ರುಜು ಹಾಕಬೇಕು.

ಬೋರ್ಡನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಚಾಲೂ ಮಾಡಿದೆ. ಮಹಡಿಯ ಮೇಲೆ ಆಫೀಸಿನ ಮೀಟಿಂಗಿನಲ್ಲಿದ್ದ ಗಂಡ ಧಡಧಡ ಇಳಿದು ಬಂದರು.

“ಏನೇ ಇದು, ಮನೆಯೊಳಗೆ ವಿಮಾನ ಇಳೀತಾ ಇದೆಯಾ?”

“ನನ್ನ ಕೆಲಸ ರೀ.”

“ಆ ಕೆಲಸಾನ ಹಿತ್ತಲಲ್ಲಿ ಮಾಡ್ಕೋ ತಾಯಿ. ನಾನು ಮಾತಾಡಿದ್ದು ಒಬ್ಬರಿಗೂ ಕೇಳಿಸ್ತಿಲ್ಲ.”

ಹೀಗೆ ಶೆಡ್ಡಿಗೆ ಗಡೀಪಾರಾದೆ. ಅಡುಗೆಮನೆ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಎಳೆದುಕೊಂಡೆ. ಮಗಳನ್ನು ಸ್ಕೂಲಿಗೆ ಬಿಟ್ಟು ಒಂಬತ್ತೂವರೆಗೆ ಕೂತರೆ ಮಧ್ಯಾಹ್ನ ಒಂದೂವರೆಗೆ ಏಳುವುದು. ಎರಡು ಸ್ವೆಟರ್, ಒಂದು ಉಣ್ಣೆ ಟೋಪಿ, ಫ್ಲಾಸ್ಕಿನಲ್ಲಿ ಕಾಫಿ.

ಮೊದಲ ವಾರ ಚಿಪ್ಪಿನ ವಿವರಗಳಿದ್ದ ಡೇಟಾಶೀಟ್ ಅನ್ನುವ ದಪ್ಪ ಪುಸ್ತಕವನ್ನು ಪ್ರಿಂಟ್ ಹಾಕಿಸಿಕೊಂಡು ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತ ಓದಿದೆ. ಚಿಪ್ಪಿನೊಳಗೆ ನೂರಾರು ಖಾನೆಗಳಿರುತ್ತವೆ. ಒಂದರಲ್ಲಿ ಬಿಸಿ ಎಷ್ಟೆಂಬ ಸಂಖ್ಯೆ, ಇನ್ನೊಂದರಲ್ಲಿ ಫ್ಯಾನಿನ ವೇಗ. ಯಾವ ಖಾನೆಯಲ್ಲಿ ಏನಿದೆ, ಆ ಸಂಖ್ಯೆಯನ್ನು ಹೇಗೆ ಓದಬೇಕು ಅನ್ನುವುದೇ ಎಲ್ಲ. ಇದೇ ಮನೆತನದ ಒಂದು ಹಳೇ ಚಿಪ್ಪಿಗೆ ಡ್ರೈವರ್ ಆಗಲೇ ಇತ್ತು. ಅಣ್ಣನ ಅಂಗಿ ತಮ್ಮನಿಗೆ ಹಾಕಿದರಾಯಿತು ಅಂದುಕೊಂಡೆ. ಎಲ್ಲಿ ಆಗುತ್ತದೆ? ಖಾನೆಗಳ ಜಾಗವನ್ನೆಲ್ಲ ಅದಲುಬದಲು ಮಾಡಿಟ್ಟಿದ್ದರು. ನಿಂತ ಫ್ಯಾನು ಓಡುತ್ತಿದೆ ಅನ್ನುತ್ತಿತ್ತು, ಓಡುವ ಫ್ಯಾನು ನಿಂತಿದೆ ಅನ್ನುತ್ತಿತ್ತು. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಒಂದೊಂದೇ ಖಾನೆಗೆ ಸಂಖ್ಯೆ ಬರೆದು, ಏನಾಯಿತು ನೋಡಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಮೂರು ವಾರ.

ಒಂದು ಶನಿವಾರ ಬೆಳಿಗ್ಗೆ ಒಂದು ಖಾನೆಗೆ ಎಂಬತ್ತು ಎಂದು ಬರೆದು ಎಂಟರ್ ಒತ್ತಿದೆ. ಫ್ಯಾನಿನ ಕೂಗು ಇಳಿಯಿತು. ಇಳಿಯುತ್ತಾ ಇಳಿಯುತ್ತಾ ಪೂರ್ತಿ ಅಡಗಿತು. ಪಕ್ಕದ ಮನೆಯ ನಾಯಿ ಮೈ ಕೊಡವಿದ ಸದ್ದು ಬೇಲಿಯಾಚೆಯಿಂದ ಕೇಳಿಸಿತು.

ಮಗಳು ಚಪ್ಪಲಿಯಲ್ಲೇ ಓಡಿಬಂದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಲೂಕನ್ನಿನ ಇಂಗ್ಲಿಷಿನಲ್ಲೇ.

“ಮ್ಯಾಮ್, ಡಿಡ್ ಯೂ ಬ್ರೇಕ್ ಇಟ್?”

“ಇಲ್ಲ ಕಣೇ ಬಂಗಾರ, ರಿಪೇರಿ ಮಾಡಿದೆ!” ಎಂದು ಅವಳನ್ನು ಎತ್ತಿಕೊಂಡು ಆ ಇಕ್ಕಟ್ಟಿನಲ್ಲೇ ಒಂದು ಸುತ್ತು ಕುಣಿದೆ. ಸೈಕಲ್ಲು ಬಿತ್ತು. ಬೀಳಲಿ ಬಿಡು ಅಂದೆ. ನನ್ನ ಕೈಗೆ ಏನೂ ಮರೆತಿರಲಿಲ್ಲ!

ಡಿಸೆಂಬರಿನಲ್ಲಿ ರುಜು ಹಾಕಿ ಕಳಿಸಿದೆ. ಎರಡು ದಿನಕ್ಕೆ ಒಬ್ಬ ಪರಿಶೀಲಕರಿಂದ ಉತ್ತರ ಬಂತು, ನಮಸ್ಕಾರವಿಲ್ಲ, ಕುಶಲವಿಲ್ಲ, ಹನ್ನೊಂದು ತಕರಾರು. ಎಲಾ ಇವನ ಅಂದುಕೊಂಡೆ. ಆದರೆ ಕೂತು ನೋಡಿದರೆ ಹತ್ತು ತಕರಾರು ಸರಿಯಾಗಿಯೇ ಇದ್ದವು. ತಿದ್ದಿ ಕಳಿಸಿದೆ, ಮತ್ತೆ ನಾಲ್ಕು ಬಂದವು, ಅವನ್ನೂ ತಿದ್ದಿದೆ. ಹನ್ನೊಂದನೆಯದು ಒಂದೇ ಸಾಲು: ಸೊನ್ನೆ ಡಿಗ್ರಿಗಿಂತ ಕೆಳಗೆ ಪರೀಕ್ಷಿಸಿದ್ದೀರಾ?

ಇಲ್ಲಿ ನನ್ನ ಬಳ್ಳಾರಿ ಬುದ್ಧಿ ಅಡ್ಡ ಬಂತು. ಕಂಪ್ಯೂಟರು ಅಂದರೆ ನನ್ನ ಮಟ್ಟಿಗೆ ಕಾಯುವ ವಸ್ತು. ಬೆಂಗಳೂರಿನಲ್ಲಿ ಎಂಟು ವರ್ಷ ಮಾಡಿದ್ದೂ ಅದೇ, ಎಪ್ಪತ್ತು ದಾಟಿತಾ, ಎಂಬತ್ತು ದಾಟಿತಾ ಎಂದು ಮೇಲೆ ಮೇಲೆ ನೋಡುವುದು. ಕೆಳಗೆ ನೋಡಿದವಳೇ ಅಲ್ಲ. ಡೇಟಾಶೀಟಿನಲ್ಲಿ ಅದರ ಬಗ್ಗೆ ಒಂದು ಅಡಿಟಿಪ್ಪಣಿ ಇತ್ತು, ಓದಿಯೂ ಇದ್ದೆ, ಗೀಟು ಹಾಕಿರಲಿಲ್ಲ. ಓಡುವ ಕಂಪ್ಯೂಟರು ತನ್ನ ಬಿಸಿಯನ್ನು ತಾನೇ ಹುಟ್ಟಿಸುತ್ತದೆ, ಇಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ ಎಂದು ಎಲ್ಲರ ಎದುರಿಗೆ ಗತ್ತಿನಿಂದ ಬರೆದುಬಿಟ್ಟೆ. ಆ ಮನುಷ್ಯ ಉತ್ತರ ಕೊಡಲಿಲ್ಲ, ಒಪ್ಪಿಗೆಯನ್ನೂ ಕೊಡಲಿಲ್ಲ. ಹೊಸ ವರ್ಷ ಬಂತು. ಜನವರಿಯ ಮೊದಲ ವಾರ ಹೋಯಿತು, ಎರಡನೆಯದೂ ಹೋಯಿತು.

ಈ ನಡುವೆ ನೇಸ್‌ನ ಮಾಲೀಕರಿಗೆ ಸಂತೋಷವೋ ಸಂತೋಷ. ನನ್ನ ಕೋಡನ್ನು ತಮಗೆ ಗುರುತಿದ್ದ ಒಬ್ಬ ರೈತರ ಹಾಲಿನ ಕೋಣೆಯಲ್ಲಿ ಆಗಲೇ ಹಾಕಿ ನೋಡಿದ್ದರು. ಫ್ಯಾನ್ ಸುಮ್ಮನಿದೆ, ಹಸುಗಳು ಸುಮ್ಮನಿವೆ, ರೈತ ಕೂಡ ಸುಮ್ಮನಿದ್ದಾರೆ ಎಂದು ಮೆಸೇಜ್ ಕಳಿಸಿದ್ದರು. ಇನ್ನು ಆ ಪರಿಶೀಲಕರಿಂದ ಒಪ್ಪಿಗೆಯೊಂದು ಬಂದರೆ ಆಯಿತು.

ಒಂದು ಬೆಳಿಗ್ಗೆ ಎಂಟು ಗಂಟೆಗೆ ಮಗಳ ಡಬ್ಬಿಗೆ ಚಪಾತಿ ಸುತ್ತುತ್ತಿದ್ದೆ. ಹಿತ್ತಲಿನಿಂದ ಕೂಗು ಕೇಳಿಸಿತು. ಅದೇ ಫ್ಯಾನು, ಅದೇ ವಿಮಾನ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ! ಬಾಗಿಲು ತೆಗೆದು ಓಡಿದೆ. ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿ ಕಾಲ ಕೆಳಗೆ ಕರಕರ ಅನ್ನುತ್ತಿತ್ತು. ಶೆಡ್ಡಿನ ಪರದೆಯ ಮೇಲೆ, ತಂತಿಯ ತುದಿಯ ಸೆನ್ಸರಿನ ಎದುರಿಗೆ ಒಂದು ಸಂಖ್ಯೆ: ಇನ್ನೂರ ಐವತ್ತನಾಲ್ಕು ಡಿಗ್ರಿ. ಆ ತಂತಿ ಬಾಗಿಲ ಸಂದಿಯಲ್ಲಿ ತಣ್ಣಗೆ ನೇತಾಡುತ್ತಿತ್ತು. ನೋಡನೋಡುತ್ತಿದ್ದಂತೆ ಬೆಂಕಿ ಬಿದ್ದಿದೆ ಎಂದುಕೊಂಡು ಕಂಪ್ಯೂಟರು ತನ್ನನ್ನು ತಾನೇ ಬಂದ್ ಮಾಡಿಕೊಂಡಿತು.

ಕಿಸೆಯಲ್ಲಿ ಫೋನ್ ಹೊಡೆದುಕೊಂಡಿತು. ಮಾಲೀಕರು.

“ರೈತರ ಕಡೆಯಿಂದ ಈಗ ಫೋನ್ ಬಂತು,” ಎಂದರು. “ಹಾಲಿನ ಕೋಣೆ ಇನ್ನೂರ ಐವತ್ತಮೂರು ಡಿಗ್ರಿ ಅಂತ ತೋರಿಸಿ, ಕಿರುಚಿ, ಬಾಕ್ಸ್ ಆಫ್ ಆಗಿದೆ. ಟ್ಯಾಂಕನ್ನು ಕೈಯಿಂದ ಚಾಲೂ ಮಾಡಿಕೊಂಡಿದ್ದಾರೆ, ಹಾಲಿಗೇನೂ ಆಗಿಲ್ಲ. ತಂತಿ ಕೆಟ್ಟಿರಬಹುದಾ?”

ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು. ಆ ಖಾನೆಯಲ್ಲಿ ಹಿಡಿಯುವುದು ಸೊನ್ನೆಯಿಂದ ಇನ್ನೂರ ಐವತ್ತೈದರವರೆಗಿನ ಸಂಖ್ಯೆ ಮಾತ್ರ. ಅದರಲ್ಲಿ ಮೈನಸ್ ಹೇಗೆ ಬರೆಯುವುದು? ಹಿಂದಿನಿಂದ ಎಣಿಸುತ್ತಾರೆ: ಇನ್ನೂರ ಐವತ್ತೈದು ಅಂದರೆ ಮೈನಸ್ ಒಂದು, ಇನ್ನೂರ ಐವತ್ತನಾಲ್ಕು ಅಂದರೆ ಮೈನಸ್ ಎರಡು. ಓದುವವಳಿಗೆ ಗೊತ್ತಿರಬೇಕು ಅಷ್ಟೇ. ಮೈನಸ್ ಅನ್ನುವುದೊಂದು ಇದೆ ಎಂದೇ ಒಪ್ಪದ ನಾನು ಚಳಿಯನ್ನು ಬೆಂಕಿ ಎಂದು ಓದಿಸಿದ್ದೆ. ಆ ಪರಿಶೀಲಕರು ಕೇಳಿದ್ದೂ ಇದನ್ನೇ. ಏಳು ವರ್ಷ ಈ ದೇಶದಲ್ಲಿ ಕಾರಿನ ಗಾಜಿನ ಮೇಲಿನ ಮಂಜು ಕೆರೆದಿದ್ದೇನೆ, ಆದರೂ ತಲೆಯೊಳಗೆ ಬಳ್ಳಾರಿಯ ಬಿಸಿಲೇ ಹೊಡೆಯುತ್ತಿತ್ತು.

ತಂತಿ ಕೆಟ್ಟಿರಬಹುದಾ ಎಂದು ಆ ಪುಣ್ಯಾತ್ಮರು ತಾವಾಗಿಯೇ ದಾರಿ ತೋರಿಸಿದ್ದರು. ಹೂಂ ಅಂದುಬಿಟ್ಟರೆ ಮುಗಿಯಿತು. ಸದ್ದಿಲ್ಲದೆ ತಿದ್ದಿ ಕಳಿಸಬಹುದು, ಯಾರಿಗೂ ತಿಳಿಯುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ಏಳು ವರ್ಷದಿಂದ ಕಾದ ಕೆಲಸ, ಎರಡು ವಾರ ದೂರದಲ್ಲಿದೆ. ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೆಳಗೆ ರುಜು ಹಾಕಿದ್ದವಳು ನಾನಲ್ಲವೇ?

“ತಂತಿ ಅಲ್ಲ,” ಎಂದೆ. “ತಪ್ಪು ನನ್ನದು. ಸೊನ್ನೆಗಿಂತ ಕೆಳಗಿನದ್ದನ್ನು ನನ್ನ ಕೋಡ್ ತಪ್ಪಾಗಿ ಓದ್ತಿದೆ.”

ಈ ಸಲ ಅವರು ಗ್ರ್ಯಾಂಡ್ ಅನ್ನಲಿಲ್ಲ. “ಎಷ್ಟು ಹೊತ್ತು ಬೇಕು?” ಎಂದರು.

“ಮಗಳ ಸ್ಕೂಲು ಬಿಡೋದ್ರೊಳಗೆ.”

ಫೋನ್ ಇಟ್ಟ ಮೇಲೆ ಅಳು ಬಂತು. ಎರಡು ನಿಮಿಷ ಹುಲ್ಲಿನ ಮಷೀನಿನ ಮೇಲೆ ಕೂತು ಅತ್ತೆ. ಮೂರನೇ ನಿಮಿಷಕ್ಕೆ ಸಿಟ್ಟು ಬಂತು, ಸಿಟ್ಟು ಬಂದರೆ ನನಗೆ ಕೆಲಸ ಚೆನ್ನಾಗಿ ಆಗುತ್ತದೆ. ಮಗಳನ್ನು ನೀವೇ ಬಿಟ್ಟು ಬನ್ನಿ ಎಂದು ಗಂಡನಿಗೆ ಕೂಗಿ ಹೇಳಿದೆ. ತಿದ್ದಿದ್ದು ಒಂದೇ ಸಾಲು. ಆ ಒಂದು ಸಾಲಿಗೆ ಐದು ನಿಮಿಷವೂ ಹಿಡಿಯಲಿಲ್ಲ. ಆದರೆ ಸರಿಯಾಗಿದೆ ಎಂದು ತೋರಿಸುವುದು ಹೇಗೆ? ಅಷ್ಟರಲ್ಲಿ ಬಿಸಿಲು ಬಂದು ಹುಲ್ಲು ಹಸಿರಾಗಿತ್ತು, ಶೆಡ್ಡು ಮೂರು ಡಿಗ್ರಿಗೆ ಏರಿತ್ತು. ಬೇಡದಿದ್ದಾಗ ಬಂದ ಚಳಿ ಬೇಕಾದಾಗ ಪರಾರಿ.

ಚಳಿಗೆ ನಾನು ಐರ್ಲೆಂಡಿನ ಆಕಾಶವನ್ನು ಯಾಕೆ ನಂಬಿಕೊಂಡು ಕೂರಬೇಕು? ಬೋರ್ಡನ್ನು ಎತ್ತಿಕೊಂಡು ಅಡುಗೆಮನೆಗೆ ಬಂದೆ. ಫ್ರೀಜರ್ ತೆಗೆದೆ. ಕಾಯಿತುರಿಯ ಪ್ಯಾಕೆಟ್ಟಿಗೂ ಬಟಾಣಿ ಚೀಲಕ್ಕೂ ನಡುವೆ ಆ ತಂತಿಯ ತುದಿಯನ್ನು ತೂರಿಸಿ, ಬಾಗಿಲ ರಬ್ಬರಿನ ಸಂದಿಯಿಂದ ತಂತಿಯನ್ನು ಹೊರಗೆ ತಂದು, ಬಾಗಿಲು ಒತ್ತಿ ಹಿಡಿದು ನಿಂತೆ. ಮೊದಲು ಹಳೇ ಕೋಡ್ ಹಾಕಿದೆ. ಸಂಖ್ಯೆ ಇಳಿಯಿತು: ಐದು, ಎರಡು, ಸೊನ್ನೆ. ಆಮೇಲೆ ಎಗರಿ ಇನ್ನೂರ ಐವತ್ತೈದು. ಫ್ಯಾನ್ ಕಿರುಚಿತು. ನಿಂತಲ್ಲೇ ಅದನ್ನು ಬೈದೆ. ಹೊಸ ಕೋಡ್ ಹಾಕಿ ತಂತಿಯನ್ನು ಬೆಚ್ಚಗೆ ಮಾಡಿ ಮತ್ತೆ ಒಳಗಿಟ್ಟೆ. ಐದು, ಎರಡು, ಸೊನ್ನೆ. ಮೈನಸ್ ಒಂದು. ಮೈನಸ್ ನಾಲ್ಕು. ಮೈನಸ್ ಒಂಬತ್ತು. ಫ್ಯಾನ್ ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ಗಂಡ ಬಂದರು. ಹೆಂಡತಿ ಫ್ರೀಜರನ್ನು ಬೆನ್ನಿನಿಂದ ಒತ್ತಿಕೊಂಡು ನಿಂತಿದ್ದಾಳೆ, ಕೈಯಲ್ಲಿ ಲ್ಯಾಪ್‌ಟಾಪು.

“ಒಳಗೆ ಯಾರನ್ನ ಕೂಡಿ ಹಾಕಿದೀಯಾ?”

“ಮಾತಾಡಿಸಬೇಡಿ ರೀ, ಇಳೀತಾ ಇದೆ!”

“ಎಷ್ಟಕ್ಕೆ?”

“ಮೈನಸ್ ಹದಿನೈದು... ಹದಿನೇಳು... ರೀ, ಮೈನಸ್ ಹದಿನೆಂಟು! ಅಲ್ಲೇ ನಿಂತಿದೆ ನೋಡ್ರೀ!”

ಅವರಿಗೆ ಇದರ ತಲೆಬುಡ ಗೊತ್ತಿರಲಿಲ್ಲ, ಆದರೂ ಕೂಗಿದರು. ಇಬ್ಬರೂ ಸೇರಿ ಬೆಳಿಗ್ಗೆ ಹತ್ತೂವರೆಗೆ ಫ್ರೀಜರಿನ ಎದುರು ಚಪ್ಪಾಳೆ ತಟ್ಟಿದೆವು.

ಮಧ್ಯಾಹ್ನದೊಳಗೆ ಮಾಲೀಕರಿಗೆ ಹೊಸ ಕೋಡ್ ಹೋಯಿತು. ಆಮೇಲೆ ಆ ಪರಿಶೀಲಕರಿಗೆ ಬರೆಯಲು ಕೂತೆ. ಗತ್ತಿನಿಂದ ಹೇಳಿದ್ದನ್ನು ಎಲ್ಲರ ಎದುರೇ ನುಂಗಬೇಕಿತ್ತು, ನುಂಗಿದೆ. ನೀವು ಕೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ನಾನು ಹುಟ್ಟಿ ಬೆಳೆದ ಊರಿನಲ್ಲಿ ಸೊನ್ನೆಯನ್ನು ಯಾರೂ ಕಂಡವರಿಲ್ಲ, ಅದಕ್ಕೇ ಅದರ ಕೆಳಗೆ ಇಣುಕಿ ನೋಡಲಿಲ್ಲ. ನನ್ನ ಶೆಡ್ಡಿನಲ್ಲೂ ಒಬ್ಬ ರೈತರ ಹಾಲಿನ ಕೋಣೆಯಲ್ಲೂ ಈ ಬೆಳಿಗ್ಗೆ ಇದೇ ತಪ್ಪಿನಿಂದ ಯಂತ್ರಗಳು ನಿಂತವು. ತಿದ್ದಿದ್ದೇನೆ. ಮೈನಸ್ ಹದಿನೆಂಟರವರೆಗೆ ಮನೆಯ ಫ್ರೀಜರಿನಲ್ಲಿ, ಕಾಯಿತುರಿ ಮತ್ತು ಬಟಾಣಿಯ ನಡುವೆ ಪರೀಕ್ಷಿಸಿದ್ದೇನೆ. ಕೆಳಗೆ ಮತ್ತೆ ರುಜು ಹಾಕಿದೆ.

ಮರುದಿನ ಉತ್ತರ ಬಂತು, ಎರಡೇ ಸಾಲು. ಸೇರಿಸಿಕೊಂಡಿದ್ದೇನೆ, ಧನ್ಯವಾದ. ಫ್ರೀಜರ್ ಪರೀಕ್ಷೆಯ ವಿವರವನ್ನು ಹಾಗೇ ಉಳಿಸಿಕೊಂಡಿದ್ದೇನೆ, ಮುಂದೆ ಓದುವವರಿಗೆ ಉಪಯೋಗವಾಗುತ್ತದೆ.

ಶೆಡ್ಡಿನಲ್ಲೇ ಜೋರಾಗಿ ಕಿರುಚಿದೆ. ಪಕ್ಕದ ಮನೆಯ ನಾಯಿ ಬೊಗಳಿತು. ಬೊಗಳಲಿ! ಲಿನಕ್ಸ್ ಇರುವವರೆಗೆ ಅದರ ಚರಿತ್ರೆಯಲ್ಲಿ ನಮ್ಮ ಮನೆಯ ಕಾಯಿತುರಿಯೂ ಇರುತ್ತದೆ. ಗ್ಯಾಪ್ ಅಂದವರೆಲ್ಲ ಒಬ್ಬೊಬ್ಬರಾಗಿ ನೆನಪಾದರು, ಅವರ ಹೊಟ್ಟೆ ತಣ್ಣಗಿರಲಿ.

ಅದಾಗಿ ನಾಲ್ಕು ದಿನಕ್ಕೆ ಮತ್ತೆ ಹುಲ್ಲು ಬೆಳ್ಳಗಾಯಿತು. ಊರೆಲ್ಲ ಚಳಿಯನ್ನು ಶಪಿಸುತ್ತ ಕಾರಿನ ಗಾಜು ಕೆರೆಯುತ್ತಿದ್ದರೆ ನಾನೊಬ್ಬಳು ಟೋಪಿ ಹಾಕಿಕೊಂಡು ಶೆಡ್ಡಿಗೆ ಓಡಿದೆ. ಮೈನಸ್ ಮೂರು, ಸದ್ದಿಲ್ಲ. ಎಂಟೂವರೆಗೆ ಮಾಲೀಕರಿಂದ ಒಂದು ಫೋಟೋ ಬಂತು. ರೈತರ ಪರದೆಯಲ್ಲಿ ಮೈನಸ್ ನಾಲ್ಕು, ಹಿಂದೆ ಒಂದು ಹಸುವಿನ ಮುಖ. ಕೆಳಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಕೆಲಸದ ಮಾತೂ ಇರಲಿಲ್ಲ. ತಪ್ಪು ಒಪ್ಪಿಕೊಂಡ ದಿನ ಫೋನಿನಲ್ಲಿ ಅವರು ಗ್ರ್ಯಾಂಡ್ ಅನ್ನದೇ ಬಿಟ್ಟದ್ದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಜನವರಿಯ ಕೊನೆಯ ದಿನ ಬೋರ್ಡನ್ನು ಅದರ ಚೀಲದಲ್ಲೇ ಸುತ್ತಿಕೊಂಡು ನೇಸ್‌ಗೆ ಹೋದೆ. ಕಾರಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಅವರು ಚಹಾ ಕಪ್ ಹಿಡಿದು ಬಾಗಿಲಲ್ಲೇ ಸಿಕ್ಕಿದರು. ಭಾಷಣ ಮರೆತುಹೋಯಿತು.

“ನೀವು ಹೇಳಿದ ಹಾಗೆ ಬೋರ್ಡ್ ವಾಪಸ್ ತಂದಿದ್ದೀನಿ,” ಎಂದು ಚೀಲ ಚಾಚಿದೆ.

ಅವರು ಕೈ ಚಾಚಲಿಲ್ಲ. “ತಂತಿ ಕೆಟ್ಟಿದೆ ಅಂತ ನೀವು ಹೇಳಿದ್ದಿದ್ರೆ ನಾನು ನಂಬಿಬಿಡ್ತಿದ್ದೆ,” ಎಂದರು. “ಹಾಗೆ ಎಷ್ಟೋ ಜನರನ್ನ ನಂಬಿ ಕೆಟ್ಟಿದ್ದೀನಿ.” ಆಮೇಲೆ ಚೀಲದ ಕಡೆ ನೋಡಿ, “ಇದನ್ನ ನನಗ್ಯಾಕೆ ಕೊಡ್ತೀರಿ? ನಿಮ್ಮ ಮೇಜಿನ ಮೇಲೆ ಇಡಿ,” ಎಂದರು.

“ಯಾವ ಮೇಜು?”

ಚಹಾ ಕಪ್ಪಿನಿಂದಲೇ ತೋರಿಸಿದರು. ಕಿಟಕಿಯ ಪಕ್ಕ, ಒರೆಸಿಟ್ಟ ಒಂದು ಮೇಜು, ಒಂದು ಕುರ್ಚಿ. ಹೋಗಿ ಕೂತೆ. ಬೋರ್ಡನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು ಪ್ಲಗ್ ಹಾಕಿದೆ. ಫ್ಯಾನ್ ಸದ್ದಿಲ್ಲದೆ ತಿರುಗತೊಡಗಿತು. ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರು ಒಬ್ಬರೂ ತಲೆಯೆತ್ತಿ ನೋಡಲಿಲ್ಲ.